ಬೂದಿನೀರಿನಲ್ಲಿ ತೊಳೆದ ಸೂರ್ಯ

ಬಿಸಿನೀರು ಬೂದಿಯ ಮೇಲೆ ಬಿದ್ದಾಗ ಏಳುವ ವಾಸನೆ ಓರ್ಸೊಲಾಳಿಗೆ ಮಾತು ಬರುವ ಮೊದಲೇ ಗೊತ್ತಿತ್ತು. ಅಮ್ಮ ದೊಡ್ಡ ಮರದ ಬಾನಿಯಲ್ಲಿ ಹಾಸಿಗೆಬಟ್ಟೆಗಳನ್ನು ಪದರ ಪದರವಾಗಿ ಇಟ್ಟು, ಮೇಲೆ ಒರಟು ಸೆಣಬಿನ ಬಟ್ಟೆ ಹೊದಿಸಿ, ಅದರ ಮೇಲೆ ಜರಡಿ ಹಿಡಿದ ಒಲೆಬೂದಿಯನ್ನು ಹರಡಿ, ನಾಲ್ಕಾರು ಘಮದ ಲಾರೆಲ್ ಎಲೆ ಉದುರಿಸಿ ಕುದಿನೀರು ಹೊಯ್ಯುತ್ತಿದ್ದಳು. ಆಗ ಕೋಣೆಯೆಲ್ಲ ಒಂದು ವಾಸನೆ ತುಂಬುತ್ತಿತ್ತು. ನೆನೆದ ಒಲೆಯ ಹಾಗೆ, ಕಹಿ ಸೊಪ್ಪಿನ ಹಾಗೆ, ಮೂಗಿನ ತುದಿಯನ್ನು ಸಣ್ಣಗೆ ಚುರುಗುಟ್ಟಿಸುವ ವಾಸನೆ. ಬಾನಿಯ ಅಡಿಯ ತೂತಿನಿಂದ ಜೇನಿನ ಬಣ್ಣದ ನೀರು ಇಳಿಯುತ್ತಿತ್ತು. ಅಮ್ಮ ಅದಕ್ಕೆ ಬೆರಳದ್ದಿ ಮಗಳ ನಾಲಗೆಗೆ ಮುಟ್ಟಿಸುತ್ತಿದ್ದಳು.

"ಚುರ್ ಅಂತಾ? ಹಂಗಾದ್ರೆ ದುಪ್ಪಟಿಗೆ. ಬರೀ ಜುಮ್ ಅಂದ್ರೆ ಕಸೂತಿ ಬಟ್ಟೆಗೆ. ಏನೂ ಅನ್ನಿಸ್ಲಿಲ್ಲ ಅಂದ್ರೆ ನಿಮ್ಮಪ್ಪನ ಕಾಲು ತೊಳೆಯೋಕೆ!"

ಬೊಲೋನ್ಯಾ ಪಟ್ಟಣದ ರೇನೊ ಕಾಲುವೆಯ ದಂಡೆಯಲ್ಲಿ ಒಗೆಯುವ ಕಲ್ಲೊಂದು ಓರ್ಸೊಲಾಳ ಮನೆತನದ ಹೆಂಗಸರಿಗೆ ಅಜ್ಜಿಯ ಕಾಲದಿಂದ ಬಂದಿತ್ತು. ಓರ್ಸೊಲಾ ಈಗ ಅರವತ್ತು ದಾಟಿದವಳು. ಕೈಬೆರಳುಗಳ ಗೆಣ್ಣುಗಳು ಊದಿಕೊಂಡು ಶುಂಠಿಯ ಬೇರಿನಂತಾಗಿದ್ದವು. ಆದರೂ ಕಸೂತಿ ಬಟ್ಟೆಗೆ ಅವಳ ಕೈಯೇ ಆಗಬೇಕು ಎನ್ನುವ ಮನೆಗಳು ಪಟ್ಟಣದಲ್ಲಿ ಇನ್ನೂ ಎರಡು ಮೂರು ಉಳಿದಿದ್ದವು. ಅವುಗಳಲ್ಲಿ ಒಂದು ಕೌಂಟ್ ಪದವಿಯ ದಣಿಗಳ ದೊಡ್ಡಮನೆ. ಆ ಮನೆಯ ಬಟ್ಟೆ ಇಲ್ಲದಿದ್ದರೂ ಅವಳ ಹೊಟ್ಟೆ ನಡೆಯುತ್ತಿತ್ತು. ಆದರೆ ಆ ಮನೆಯ ಮೊಗಸಾಲೆಯಲ್ಲಿ ಅವಳ ಮಗನಿದ್ದ.

ಮಗನೆಂದರೆ ಮಗನ ಮುಖ. ಎರಡಾಳು ಎತ್ತರದ ಎಣ್ಣೆಬಣ್ಣದ ಚಿತ್ರ. ಸೂರ್ಯದೇವ ಅಪೋಲೊ ನಾಲ್ಕು ಕುದುರೆಗಳ ರಥದ ಮೇಲೆ ನಿಂತು ಕತ್ತಲೆಯ ಮೋಡವನ್ನು ಸೀಳಿಕೊಂಡು ಬರುತ್ತಿದ್ದಾನೆ. ಪ್ಲೇಗು ಬಂದ ವರ್ಷಕ್ಕೆ ಮುಂಚಿನ ಚಳಿಗಾಲದಲ್ಲಿ ಚಿತ್ರಕಾರ ಲಾತ್ತಾಂಜಿಯೊ ಕಾಲುವೆಯ ದಂಡೆಯಲ್ಲಿ ಬರುತ್ತಿದ್ದವನು, ನೆನೆದ ಸೆಣಬಿನ ಹೊರೆಯನ್ನು ಹಗ್ಗ ಹಾಕಿ ಎಳೆಯುತ್ತಿದ್ದ ಅವಳ ಮಗ ವಿತಾಲೆಯನ್ನು ಕಂಡು ನಿಂತುಬಿಟ್ಟಿದ್ದ. "ಏನಮ್ಮಾ, ಈ ಹೆಗಲು ನಂಗೆ ಒಂದು ತಿಂಗಳ ಮಟ್ಟಿಗೆ ಬೇಕಲ್ಲ," ಎಂದು ಪಕ್ಕದಲ್ಲಿ ಒಗೆಯುತ್ತಿದ್ದ ಓರ್ಸೊಲಾಳನ್ನು ಕೇಳಿದ್ದ. ವಿತಾಲೆಗೆ ಆಗ ಇಪ್ಪತ್ತು. ತಿಂಗಳಿಡೀ ಚಿತ್ರಶಾಲೆಯಲ್ಲಿ ಕೆಂಡದ ಅಗ್ಗಿಷ್ಟಿಕೆಯ ಪಕ್ಕ ಸೊಂಟಕ್ಕೊಂದು ಬಟ್ಟೆ ಸುತ್ತಿಕೊಂಡು, ಕಿಟಕಿಯ ಸರಳಿಗೆ ಕಟ್ಟಿದ ಲಗಾಮು ಹಿಡಿದು ಕೈ ಎತ್ತಿ ನಿಂತ. ಸಂಜೆ ಮನೆಗೆ ಬಂದರೆ ಚಮಚ ಎತ್ತಲೂ ತೋಳು ಬರುತ್ತಿರಲಿಲ್ಲ.

"ಅಮ್ಮಾ, ದೇವರಾಗಿರೋದು ಸೆಣಬು ಎಳೆಯೋದಕ್ಕಿಂತ ಕಷ್ಟ ಕಣೆ," ಎನ್ನುತ್ತಿದ್ದ. "ಅಲ್ಲಿ ಎಳೆದ್ರೆ ಸೆಣಬಾದ್ರೂ ಬರತ್ತೆ."

ಅವನ ಮೇಲ್ದುಟಿಯಲ್ಲಿ ಒಂದು ಸಣ್ಣ ತಗ್ಗಿತ್ತು. ಆರು ವರ್ಷದವನಿದ್ದಾಗ ಒಗೆಯುವ ಕಲ್ಲಿನ ಮೇಲೆ ಜಾರಿ ಬಿದ್ದ ಗುರುತು. ನಕ್ಕರೆ ಆ ತಗ್ಗು ಒಂದು ಬದಿಗೆ ಎಳೆದುಕೊಳ್ಳುತ್ತಿತ್ತು. ದೇವರ ಮುಖದಲ್ಲಿ ಗಾಯದ ಗುರುತು ಯಾಕೆ ಎಂದು ಯಾರೋ ಕೇಳಿದ್ದಕ್ಕೆ ಲಾತ್ತಾಂಜಿಯೊ, "ಈ ದೇವರಿಗೆ ಇರಲಿ ಬಿಡಿ" ಎಂದನಂತೆ. ಅದನ್ನು ವಿತಾಲೆಯೇ ಬಂದು ಹೇಳಿದ್ದ, ತುಟಿ ಮುಟ್ಟಿಕೊಂಡು.

ಬೇಸಿಗೆಯಲ್ಲಿ ಪ್ಲೇಗು ಬಂತು. ತಾಯಿ ಮಗ ಇಬ್ಬರೂ ಒಂದೇ ವಾರದಲ್ಲಿ ಮಲಗಿದರು. ಓರ್ಸೊಲಾ ಎದ್ದು ಕುಳಿತಾಗ ಪಕ್ಕದ ಹಾಸಿಗೆ ಇರಲಿಲ್ಲ, ಹಾಸಿಗೆಯ ಹುಲ್ಲನ್ನೂ ಸುಟ್ಟಿದ್ದರು. ಗಾಡಿಯಲ್ಲಿ ಒಯ್ದರಂತೆ. ಗೋಡೆಯಾಚೆಯ ಗುಂಡಿಗಳಲ್ಲಿ ಯಾವುದು ಎಂದು ಹೇಳಬಲ್ಲವರು ಯಾರೂ ಉಳಿದಿರಲಿಲ್ಲ.

ಮರುವರ್ಷ ಮೊದಲ ಬಾರಿಗೆ ದೊಡ್ಡಮನೆಗೆ ಒಗೆದ ಬಟ್ಟೆ ತಲುಪಿಸಲು ಹೋದವಳು ದಾರಿ ತಪ್ಪಿ ಮೊಗಸಾಲೆಗೆ ಕಾಲಿಟ್ಟಳು. ತಲೆಯೆತ್ತಿದಳು. ಬುಟ್ಟಿ ಕೈಜಾರಿತು. ಮನೆಯ ಪಾರುಪತ್ಯಗಾರ ಗಾಸ್ಪಾರೊ ಆಗಿನ್ನೂ ಹೊಸಬ. ಬೈಯಲು ಬಾಯಿ ತೆರೆದವನು ಅವಳ ಮುಖ ನೋಡಿದ, ಚಿತ್ರ ನೋಡಿದ, ಮತ್ತೆ ಅವಳ ಮುಖ ನೋಡಿದ. ಬಗ್ಗಿ ಬಿದ್ದ ಬಟ್ಟೆಗಳನ್ನು ತಾನೇ ಬುಟ್ಟಿಗೆ ತುಂಬಿಕೊಟ್ಟ. ಅಂದಿನಿಂದ ಇಪ್ಪತ್ತಾರು ವರ್ಷ, ಅಗಸಗಿತ್ತಿಯರಿಗೆಲ್ಲ ಹಿತ್ತಿಲ ಮೆಟ್ಟಿಲಾದರೆ ಓರ್ಸೊಲಾಳಿಗೆ ಮಾತ್ರ ಮೊಗಸಾಲೆಯ ದಾರಿ. ಅವಳು ಒಳಗಿದ್ದಾಗ ಯಾರಾದರೂ ಬರುವಂತಿದ್ದರೆ ಗಾಸ್ಪಾರೊ ಬಾಗಿಲಾಚೆ ಜೋರಾಗಿ ಕೆಮ್ಮುತ್ತಿದ್ದ. ಇದರ ಬಗ್ಗೆ ಇಬ್ಬರೂ ಒಂದು ದಿನವೂ ಮಾತಾಡಿದವರಲ್ಲ.

ಚಿತ್ರ ಮಾತ್ರ ವರ್ಷವರ್ಷಕ್ಕೂ ಕಪ್ಪಾಗುತ್ತ ಬಂತು. ಎದುರಿಗೇ ದೊಡ್ಡ ಅಗ್ಗಿಷ್ಟಿಕೆ. ಮೇಲೆ ನೂರು ಮೇಣದ ಬತ್ತಿಯ ದೀಪಗುಚ್ಛ. ಮೊದಲು ಹಿಂದಿನ ಎರಡು ಕುದುರೆಗಳು ಮಾಯವಾದವು, ಆಮೇಲೆ ರಥದ ಗಾಲಿ, ಆಮೇಲೆ ಆಕಾಶ. ಕಡೆಕಡೆಗೆ ಕಂದು ಬಣ್ಣದ ಮಬ್ಬಿನಲ್ಲಿ ಒಂದು ಹೆಗಲು ಮತ್ತು ಒಂದು ಮುಖ ಮಾತ್ರ ತೇಲುತ್ತಿದ್ದವು.

ಆ ಸೆಪ್ಟೆಂಬರಿನಲ್ಲಿ ಬಟ್ಟೆ ಒಯ್ಯಲು ಹೋದಾಗ ಗಾಸ್ಪಾರೊ ಅವಳನ್ನು ಬಾಗಿಲಲ್ಲೇ ತಡೆದ.

"ಓರ್ಸೊಲಕ್ಕ, ಒಂದು ಮಾತು ಹೇಳ್ಬೇಕು. ಕೂತ್ಕೊಳ್ಳಿ."

"ಯಾಕಣ್ಣ, ಬಟ್ಟೇಲಿ ಕಲೆ ಉಳೀತಾ?"

"ಬಟ್ಟೆ ಅಲ್ಲ. ಅಕ್ಟೋಬರಿನಲ್ಲಿ ಚಿಕ್ಕ ದಣಿಗಳ ಮದುವೆ ಊಟ ಇದೇ ಮೊಗಸಾಲೇಲಿ. ನಿನ್ನೆ ಅವರು ಚಿತ್ರದ ಮುಂದೆ ನಿಂತು, 'ಇವನು ಸೂರ್ಯನೋ ಇದ್ದಿಲು ಮಾರೋನೋ?' ಅಂದ್ರು. ದ್ರಾಕ್ಷಿ ಸುಗ್ಗಿಗೆ ಹಳ್ಳಿಮನೆಗೆ ಹೊರಟಿದಾರೆ. ಬರೋ ಹೊತ್ತಿಗೆ ಇದನ್ನ ಇಳಿಸಿ, ಸುರುಳಿ ಸುತ್ತಿ, ಅಲ್ಲಿ ಕಣಜಕ್ಕೆ ಹಾಕ್ಬೇಕಂತೆ."

"ಕಣಜಕ್ಕೆ? ಅಲ್ಲಿ ಇಲಿ ಇರಲ್ವಾ?"

ಹಳ್ಳಿಮನೆಯ ಕಣಜದಲ್ಲಿ ಇಲಿ ಮಾತ್ರವಲ್ಲ, ಜೌಗಿನ ನೆಲದ ತೇವವೂ ಇತ್ತು. ಅದು ಇಬ್ಬರಿಗೂ ಗೊತ್ತು.

"ಮಸಿ ಹೋದ್ರೆ?" ಎಂದಳು ಓರ್ಸೊಲಾ. "ಮಸಿ ಹೋಗಿ ಚೆನ್ನಾಗಿ ಕಾಣೋ ಹಾಗಾದ್ರೆ ಇಟ್ಕೋತಾರಾ?"

"ಇಟ್ಕೋಬಹುದು. ಚಿತ್ರ ತೊಳೆಯೋರನ್ನ ಕರೆಸೋಣ ಅಂತ ನಾನೇ ಹೇಳ್ದೆ. ಹಳೇದಕ್ಕೆ ಅಷ್ಟು ಯಾಕೆ ತಲೆ ಕೆಡಿಸ್ಕೋತೀಯ ಅಂದ್ಬಿಟ್ರು."

ಓರ್ಸೊಲಾ ಬುಟ್ಟಿ ಹೊತ್ತು ಕಾಲುವೆಗೆ ಬಂದಳು. ಪಕ್ಕದ ಕಲ್ಲಿನ ಬೆತ್ತಾ ಆಗಲೇ ಸೊಂಟ ಕಟ್ಟಿ ನಿಂತಿದ್ದಳು. ಐವತ್ತರ ಹೆಂಗಸು, ನಾಲಗೆಗೆ ಮೂಳೆಯಿಲ್ಲ, ಮನಸ್ಸಿಗೆ ಮುಚ್ಚಳವಿಲ್ಲ.

"ಏನಕ್ಕಾ, ಸೂರ್ಯ ನೋಡ್ಕೊಂಡು ಬಂದೋಳ ಮುಖದಲ್ಲಿ ಗ್ರಹಣ?"

ಓರ್ಸೊಲಾ ಎಲ್ಲ ಹೇಳಿದಳು. ಬೆತ್ತಾ ಒದ್ದೆ ಬಟ್ಟೆಯನ್ನು ಕಲ್ಲಿಗೆ ಒಂದೇಟು ಬಿಗಿದಳು.

"ಅಯ್ಯೋ ಅಷ್ಟೇನಾ! ನೀನು ತೊಳಿ. ಊರಿನ ಕೊಳೆಯೆಲ್ಲ ತೆಗೆದ ಕೈ, ಒಂದು ಪಟದ ಮಸಿ ತೆಗೆಯಕ್ಕಾಗಲ್ವಾ? ನಮ್ಮ ಕೇರಿ ಗುಡಿಯ ಪರಿಚಾರಕ ಹೋದ ಈಸ್ಟರಿಗೆ ಮೂರು ಜನ ಸಂತರನ್ನ ಬೂದಿನೀರಲ್ಲೇ ತೊಳೆದ. ಈಗ ನೋಡು, ನಿನ್ನೆ ಬ್ಯಾಪ್ಟಿಸಂ ಆದ ಕೂಸುಗಳ ಹಾಗಿದಾರೆ."

"ಹೆದರಿಕೆ ಆಗತ್ತೆ ಕಣೆ."

"ನನ್ನ ಮಗನ ಚಿತ್ರ ಯಾರೂ ಬರೀಲಿಲ್ಲ, ಪುಣ್ಯ. ಅವನ ಬಾಯಿ ಬರೆಯೋಕೇ ಎರಡು ಗಡಿಗೆ ಬಣ್ಣ ಬೇಕಾಗ್ತಿತ್ತು," ಎಂದು ನಕ್ಕವಳು, ಓರ್ಸೊಲಾ ನಗದಿದ್ದುದನ್ನು ಕಂಡು ದನಿ ತಗ್ಗಿಸಿದಳು. "ಬಿಟ್ರೂ ಹೋಗತ್ತೆ ಅಕ್ಕಾ. ತೊಳೆದ್ರೆ ಉಳಿದ್ರೂ ಉಳೀಬಹುದು."

ಆ ಮಾತು ಸರಿಯಾಗಿಯೇ ಇತ್ತು.

ದಣಿಗಳ ಮನೆಯವರು ದ್ರಾಕ್ಷಿ ಸುಗ್ಗಿಗೆ ಹೋದ ಮೂರನೆಯ ದಿನ ಬೆಳಿಗ್ಗೆ ಓರ್ಸೊಲಾ ಗಾಸ್ಪಾರೊನನ್ನು ಒಪ್ಪಿಸಿ ಮೊಗಸಾಲೆಯಲ್ಲಿ ಏಣಿ ಏರಿದಳು. ಹಿಂದಿನ ದಿನವೆಲ್ಲ ಅವಳು ಬೂದಿನೀರು ಸೋಸಿದ್ದಳು. ದ್ರಾಕ್ಷಿಬಳ್ಳಿಯ ಬೂದಿ, ಎಲ್ಲಕ್ಕಿಂತ ಸೌಮ್ಯವಾದದ್ದು. ಅದನ್ನು ಏಳು ಪದರದ ಬಟ್ಟೆಯಲ್ಲಿ ಇಳಿಸಿ, ಮತ್ತೆ ನೀರು ಬೆರೆಸಿ, ನಾಲಗೆಗೆ ಮುಟ್ಟಿಸಿ, ಮತ್ತೆ ಬೆರೆಸಿ, ಕೊನೆಗೆ ನಾಲಗೆಯ ತುದಿಗೆ ಒಂದು ನೆನಪಿನಷ್ಟೇ ಜುಮ್ಮೆನ್ನುವ ಹದಕ್ಕೆ ತಂದಿದ್ದಳು. ಪೂಜಾಪೀಠದ ಕಸೂತಿ ಬಟ್ಟೆಗೂ ಅವಳು ಅಷ್ಟು ತೆಳ್ಳಗೆ ಮಾಡಿದ್ದಿಲ್ಲ. ಒರೆಸಲು ತೊಳೆತೊಳೆದು ಹೂವಿನಂತಾಗಿದ್ದ ಹಳೆಯ ನಾರುಬಟ್ಟೆ ತಂದಿದ್ದಳು. ಗಾಸ್ಪಾರೊ ಏಣಿ ಹಿಡಿದು ನಿಂತ.

"ಮೊದಲು ಮೂಲೆ," ಎಂದ ಅವನು.

"ಗೊತ್ತಣ್ಣ. ಹೊಸ ಬಟ್ಟೆಗೂ ನಾನು ಮೊದಲು ಅಂಚೇ ನೋಡೋದು."

ಕೆಳಗಿನ ಮೂಲೆಯ ಮೋಡದ ಮೇಲೆ ಬಟ್ಟೆ ಆಡಿಸಿದಳು. ಕಾಫಿಯ ಚರಟದಂಥ ನೀರು ಇಳಿಯಿತು. ಶುದ್ಧನೀರಿನಿಂದ ಒರೆಸಿದಾಗ ಅಂಗೈಯಗಲ ನೀಲಿ ಕಂಡಿತು. ಅವಳು ಬಟ್ಟೆ ತಿರುಗಿಸಿ ನೋಡಿದಳು. ಕೊಳೆ ಇತ್ತು, ಬಣ್ಣವಿರಲಿಲ್ಲ. ಬಣ್ಣ ಗಟ್ಟಿಯಾಗಿದೆ ಎಂದುಕೊಂಡಳು.

ಗಂಟೆ ಕಳೆದಂತೆ ಆಕಾಶ ಹೊರಬಂತು. ಗಾಲಿಯ ಚಿನ್ನದ ಕಡ್ಡಿಗಳು ಬಂದವು. ಸತ್ತಿದ್ದ ಕುದುರೆಗಳು ಮೂಗರಳಿಸಿಕೊಂಡು ಎದ್ದವು.

"ಅಯ್ಯಯ್ಯೋ, ಆ ಎಡಗಡೇದಕ್ಕೆ ಕಣ್ಣಿತ್ತಾ!" ಗಾಸ್ಪಾರೊ ಏಣಿ ಬಿಟ್ಟು ಹಿಂದೆ ಸರಿದು ನೋಡಿದ. "ಇಷ್ಟು ವರ್ಷ ಕುರುಡು ಕುದುರೆ ಅಂದ್ಕೊಂಡಿದ್ದೆ ಅಕ್ಕ."

"ನೀವು ಏಣಿ ಬಿಟ್ರೆ ಕುದುರೆ ನನ್ನನ್ನೇ ನೋಡತ್ತೆ, ಕೆಳಗೆ ಬಿದ್ದಿದೀನಿ ಅಂತ."

ಆ ಮೊಗಸಾಲೆಯಲ್ಲಿ ಅವರಿಬ್ಬರೂ ಕೂಡಿ ನಕ್ಕದ್ದು ಅದೇ ಮೊದಲು.

ಮಧ್ಯಾಹ್ನದ ಗಂಟೆ ಹೊಡೆದಾಗ ಹೆಬ್ಬಾಗಿಲಲ್ಲಿ ಸೌದೆಯವನು ಕೂಗಿದ. ಗಾಸ್ಪಾರೊ ಹೋಗಬೇಕಾಯಿತು. ಓರ್ಸೊಲಾ ಕೊನೆಯ ನಾಲ್ಕು ಮೆಟ್ಟಿಲು ಏರಿದಳು. ಇಪ್ಪತ್ತಾರು ವರ್ಷ ಕೆಳಗಿನಿಂದ ನೋಡಿದ್ದ ಮುಖ ಈಗ ಅವಳ ಮುಖದ ಎದುರಿಗಿತ್ತು, ಅವಳ ಮುಖದಷ್ಟೇ ದೊಡ್ಡದಾಗಿ.

ಮೊದಲ ಒರೆತಕ್ಕೆ ಮಬ್ಬು ಸರಿಯಿತು. ವಿತಾಲೆ ನೋಡಿದ. ಈಗಷ್ಟೇ ಯಾರೋ ಏನೋ ಹೇಳಿದಂತೆ, ಅದಕ್ಕೆ ಉತ್ತರ ಹೇಳಲು ಹೊರಟಂತೆ. ಕೆನ್ನೆಯಲ್ಲಿ ಚಳಿಗೆ ಏರಿದ ರಕ್ತ. ಕಣ್ಣಿನ ಮೂಲೆಯಲ್ಲಿ ಒದ್ದೆ.

"ಬಂದ್ಯಾ," ಎಂದಳು.

ತುಟಿಯ ಮೇಲೆ ಮಾತ್ರ ಹಳದಿ ಪೊರೆಯೊಂದು ಇನ್ನೂ ಕೂತಿತ್ತು. ಆ ತಗ್ಗು ಸರಿಯಾಗಿ ಕಾಣುತ್ತಿರಲಿಲ್ಲ. ಅವಳು ಬಟ್ಟೆಯ ತುದಿಯನ್ನು ತೋರುಬೆರಳಿಗೆ ಸುತ್ತಿ, ಬೂದಿನೀರಿಗೆ ಅದ್ದಿ, ತುಟಿಯ ಮೇಲೆ ಮೆಲ್ಲಗೆ ಆಡಿಸಿದಳು. ಉಂಡ ಮಗುವಿನ ಬಾಯಿ ಒರೆಸುವ ಹಾಗೆ. ಇನ್ನೊಮ್ಮೆ. ಕೆನ್ನೆಗೂ ಒಮ್ಮೆ.

ಬೆರಳಿನ ಬಟ್ಟೆ ಗುಲಾಬಿಯಾಗಿತ್ತು.

ಬಿಳಿ ಬಟ್ಟೆಗಳ ನಡುವೆ ಕೆಂಪು ಕಾಲುಚೀಲವೊಂದು ಸೇರಿಬಿಟ್ಟಿದ್ದನ್ನು ಕಂಡ ಅಗಸಗಿತ್ತಿಯಂತೆ ಅವಳು ಅದನ್ನು ನೋಡಿದಳು. ಬಣ್ಣ ಬಿಡುತ್ತಿದೆ! ಬಣ್ಣ ಬಿಟ್ಟರೆ ಏನು ಮಾಡಬೇಕೆಂಬುದು ಐವತ್ತು ವರ್ಷದಿಂದ ಅವಳ ಕೈಗೆ ಗೊತ್ತು: ತಡಮಾಡದೆ, ಧಾರಾಳವಾಗಿ ನೀರು. ಯೋಚನೆ ಬರುವ ಮೊದಲೇ ಕೈ ಹೊರಟಿತ್ತು. ಶುದ್ಧನೀರಿನ ಬಟ್ಟೆಯನ್ನು ತುಂಬ ನೆನೆಸಿ ಹಣೆಯ ಮೇಲಿನಿಂದ ಹಿಂಡಿದಳು, ಎರಡನೆಯ ಸಲ ಹಿಂಡಿದಳು. ನೀರು ಮುಖದ ಮೇಲೆಲ್ಲ ಇಳಿಯಿತು. ಸಡಿಲವಾಗಿ ನಿಂತಿದ್ದುದೆಲ್ಲ ನೀರಿನೊಂದಿಗೆ ಹೊರಟಿತು. ಕೆನ್ನೆಯ ಕೆಂಪು ಗದ್ದಕ್ಕೆ ಇಳಿಯಿತು, ಗದ್ದದಿಂದ ಕೊರಳಿಗೆ, ಕೊರಳಿಂದ ತೊಟ್ಟು ತೊಟ್ಟಾಗಿ ಏಣಿಯ ಮೆಟ್ಟಿಲಿಗೆ. ಅಡಿಪದರದಿಂದ ಹೆಣದ ಹಸಿರು ಬಣ್ಣವೊಂದು ಮೇಲೆ ಬಂತು. ತುಟಿಯಿದ್ದಲ್ಲಿ ಅದೂ ಇಲ್ಲದೆ, ಹಸಿ ಇಟ್ಟಿಗೆಯ ಬಣ್ಣದ ತಳ ಕಂಡಿತು. ಒಂದು ಕಣ್ಣು ಅರ್ಧ ಉಳಿಯಿತು. ಅದು ಯಾರ ಕಣ್ಣಾದರೂ ಆಗಬಹುದಿತ್ತು.

ಗಾಸ್ಪಾರೊ ಬಂದಾಗ ಅವಳು ಏಣಿಯ ಮೇಲೆಯೇ ಇದ್ದಳು.

ಅವನು ಮೇಲೆ ನೋಡಿದ. ಬಹಳ ಹೊತ್ತು ನೋಡಲಿಲ್ಲ.

"ಇಳೀರಿ ಅಕ್ಕ. ಮೊದಲು ಇಳೀರಿ. ಬಲಗಾಲು ಕೆಳಗಿಡಿ. ಹಾಂ. ಇನ್ನೊಂದು."

ಕೈಯಿಂದ ಬೋಗುಣಿ ತೆಗೆದುಕೊಂಡ. "ಆ ಬಟ್ಟೆ ಕೊಡಿ," ಎಂದ, ಮುಖದ ಬಣ್ಣ ಅಂಟಿರುವ ಅದನ್ನು ಹಾಗೇ ಮಡಿಸಿಡೋಣ ಎಂದುಕೊಂಡಿರಬೇಕು. ಅವಳು ಕೊಟ್ಟಳು. ರೂಢಿಯ ಕೈ ಅದನ್ನು ಆಗಲೇ ಜಾಲಿಸಿ ಹಿಂಡಿಬಿಟ್ಟಿತ್ತು. ಬಟ್ಟೆ ಬೆಳ್ಳಗಿತ್ತು.

ಮರುದಿನ ಗಾಸ್ಪಾರೊ ಸೆರಾಫಿನೊ ಎಂಬ ಮುದುಕನನ್ನು ಕರೆತಂದ. ಲಾತ್ತಾಂಜಿಯೊ ಸತ್ತು ಬಹಳ ವರ್ಷವಾಗಿತ್ತು. ಅವನ ಚಿತ್ರಶಾಲೆಯಲ್ಲಿ ಬಣ್ಣ ಅರೆಯುತ್ತಿದ್ದ ಶಿಷ್ಯರಲ್ಲಿ ಬದುಕಿದ್ದವನು ಇವನೊಬ್ಬ. ಈಗ ಸಿರಿವಂತರ ಸಾರೋಟುಗಳಿಗೆ ಲಾಂಛನ ಬರೆದುಕೊಂಡಿದ್ದ. ಏಣಿ ಹತ್ತಿ ಮೂಗು ತಾಗುವಷ್ಟು ಹತ್ತಿರ ನೋಡಿ ಇಳಿದು ಬಂದ.

"ಅಮ್ಮಾ, ನಿಮ್ಮ ತಪ್ಪಿಲ್ಲ ಅಂತ ಹೇಳಿದ್ರೆ ನೀವು ನಂಬಲ್ಲ. ಆದ್ರೂ ಕೇಳಿ. ಆಕಾಶ, ಕುದುರೆ, ಇದಕ್ಕೆಲ್ಲ ಗುರುಗಳು ಎಣ್ಣೇಲಿ ಕಲೆಸಿದ ಗಟ್ಟಿ ಬಣ್ಣ ಹಾಕ್ತಿದ್ರು. ಒಣಗಿದ್ರೆ ಕಲ್ಲು. ಮುಖಕ್ಕೆ ಮಾತ್ರ ಎಲ್ಲ ಮುಗಿದ ಮೇಲೆ, ವಾರ್ನೀಸಿನಲ್ಲಿ ಒಂದಿಷ್ಟು ಬಣ್ಣ ತೇಲಿಸಿ ಉಸಿರಿನಷ್ಟು ತೆಳ್ಳಗೆ ಎಳೀತಿದ್ರು. ಜೀವ ಬರ್ತಿದ್ದುದೇ ಅದರಲ್ಲಿ. ಬೂದಿನೀರಿಗೆ ವಾರ್ನೀಸು ನಿಲ್ಲಲ್ಲ."

"ಪಟ ಬರೆಸಿದೋರಿಗೆ ಇದನ್ನ ಹೇಳಿರ್ಲಿಲ್ವೇ?" ಎಂದ ಗಾಸ್ಪಾರೊ.

"ಯಾರಾದ್ರೂ ಅಡುಗೆ ಗುಟ್ಟು ಉಣ್ಣೋರಿಗೆ ಹೇಳ್ತಾರೇನಪ್ಪ?"

"ಅವರು ಮೊದಲು ಕಾಗದದ ಮೇಲೆ ಬರ್ಕೊಂಡಿದ್ರಲ್ಲ," ಎಂದಳು ಓರ್ಸೊಲಾ. "ವಿತಾಲೆ ಹೇಳ್ತಿದ್ದ. ಹತ್ತಾರು ಹಾಳೆ."

ಸೆರಾಫಿನೊ ಟೋಪಿ ತೆಗೆದು ಕೈಯಲ್ಲಿ ತಿರುಗಿಸಿದ. "ಗುರುಗಳು ತೀರಿಕೊಂಡ ವರ್ಷ ಅವರ ಹೆಂಡತಿ ಕಾಗದವನ್ನೆಲ್ಲ ಮೀನು ಕಟ್ಟೋಕೆ ಅಂತ ಸಂತೆಗೆ ಹಾಕಿದ್ಲಮ್ಮ."

ದಣಿಗಳಿಗೆ ಹಳ್ಳಿಮನೆಗೆ ಸುದ್ದಿ ಹೋಯಿತು. ಚಿಕ್ಕ ದಣಿಗೆ ಮೊದಲು ಸಿಟ್ಟು ಬಂದು, ಆಮೇಲೆ ನಗು ಬಂದಿತಂತೆ. ಆಕಾಶ ಕುದುರೆ ಚೆನ್ನಾಗಿ ಬಂದಿರುವಾಗ ಚಿತ್ರವನ್ನು ಯಾಕೆ ಇಳಿಸಬೇಕು, ಮುಖ ಖಾಲಿಯಾಗಿದ್ದರೆ ನನ್ನದೇ ಬರೆಯಲಿ, ಮದುವಣಿಗ ಸೂರ್ಯನಾದರೆ ಮದುವಣಗಿತ್ತಿಯ ಕಡೆಯವರಿಗೂ ಸಂತೋಷ ಎಂದು ಹೇಳಿಕಳಿಸಿದ. ಆ ಕೆಲಸ ಸೆರಾಫಿನೊಗೇ ಬಂತು.

ವಾರದ ಮೇಲೆ, ದಣಿಗಳು ಹಳ್ಳಿಮನೆಯಿಂದ ಮರಳಿದ್ದಾಗ, ಓರ್ಸೊಲಾ ಮದುವೆಯ ಮೇಜುಬಟ್ಟೆಗಳನ್ನು ಒಯ್ಯಲು ಬಂದಳು. ಬಾಗಿಲಲ್ಲಿ ಗಾಸ್ಪಾರೊ ಇರಲಿಲ್ಲ. ಬೇರೆ ಯಾರೋ ಇದ್ದ. ಹಿತ್ತಿಲ ಮೆಟ್ಟಿಲು ತೋರಿಸಿದ. ಅವಳು ಮೆಟ್ಟಿಲ ಬಳಿ ನಿಂತಿದ್ದಾಗ ಸೆರಾಫಿನೊ ಬಣ್ಣದ ಕೈ ಒರೆಸಿಕೊಳ್ಳುತ್ತ ಬಂದ.

"ನಿಮಗೋಸ್ಕರವೇ ಕಾಯ್ತಿದ್ದೆ. ಗಾಸ್ಪಾರೊನ ಕಳಿಸಿಬಿಟ್ರು."

"ಕಳಿಸಿದ್ರು ಅಂದ್ರೆ?"

"ಕೆಲಸದಿಂದ. ಅಪ್ಪಣೆ ಇಲ್ಲದೆ ಚಿತ್ರ ಮುಟ್ಟಿದ್ದಕ್ಕೆ. ತಾನೇ ತೊಳೆದೆ ಅಂತ ಅವನು ಹೇಳ್ದ. ನಿಮ್ಮ ಹೆಸರೇ ಎತ್ತಲಿಲ್ಲ. ಇಪ್ಪತ್ತೇಳು ವರ್ಷದ ಅನ್ನ, ಅರ್ಧ ದಿನದಲ್ಲಿ ಮುಗೀತು."

ಓರ್ಸೊಲಾ ಬುಟ್ಟಿ ಕೆಳಗಿಟ್ಟು ಮಹಡಿಯ ಕಡೆ ನಡೆದಳು. ಸೆರಾಫಿನೊ ತೋಳು ಹಿಡಿದ. "ಹೋಗ್ಬೇಡಿ ಅಂತ ಅವನೇ ಹೇಳಿ ಹೋಗಿದಾನೆ. ನೀವು ಹೇಳಿದ್ರೆ ಅವನ ಕೆಲಸ ಬರಲ್ಲ, ನಿಮ್ಮದೂ ಹೋಗತ್ತೆ." ಅವಳು ತೋಳು ಬಿಡಿಸಿಕೊಂಡು ಹೋದಳು. ಚಿಕ್ಕ ದಣಿಯ ಕೋಣೆಯ ಮುಂದೆ ಒಬ್ಬ ಸೇವಕನಿದ್ದ. ಒಳಗೆ ದರ್ಜಿ ಮದುವೆಯ ಅಂಗಿ ತೊಡಿಸಿ ನೋಡುತ್ತಿದ್ದ.

"ಏನು?"

"ದಣಿಗಳಿಗೆ ಒಂದು ಮಾತು ಹೇಳ್ಬೇಕು. ಪಟ ತೊಳೆದಿದ್ದು ನಾನು."

"ಯಾವ ಪಟ? ಬಟ್ಟೆ ವಿಷಯ ಆದ್ರೆ ಕೆಳಗೆ ಹೇಳು ಅಜ್ಜಿ. ಇಲ್ಲಿ ನೆಲ ಒದ್ದೆ ಮಾಡ್ಬೇಡ."

ಅವಳು ಇನ್ನೊಮ್ಮೆ ಹೇಳಿದಳು. ಬಾಗಿಲು ಮುಚ್ಚಿತು.

ಕೆಳಗೆ ಬಂದಾಗ ಸೆರಾಫಿನೊ ಅವಳನ್ನು ಮೊಗಸಾಲೆಗೆ ಕರೆದ. ದಣಿಯ ಮುಖ ಇನ್ನೂ ಶುರುವಾಗಿರಲಿಲ್ಲ. ಮುಖವಿದ್ದ ಜಾಗಕ್ಕೆ ಒಂದೇ ಸಮನೆ ಕಂದು ಬಣ್ಣ ಹಚ್ಚಿ ಒಣಗಲು ಬಿಟ್ಟಿದ್ದ. ಒಂದು ಹಾಳೆ, ಕೆಂಪು ಸೀಮೆಸುಣ್ಣ ತೆಗೆದ.

"ನಾನು ಆಗ ಒಳಕೋಣೇಲಿ ಬಣ್ಣ ಅರೀತಿದ್ದೆ ಅಮ್ಮ. ನಿಮ್ಮ ಮಗನ ದನಿ ಕೇಳ್ತಿತ್ತು, ಮುಖ ಸರಿಯಾಗಿ ನೋಡಿರಲಿಲ್ಲ. ನೀವು ಹೇಳಿ, ನಾನು ಬರೀತೀನಿ. ಅದನ್ನ ನೀವು ತಗೊಂಡು ಹೋಗಿ."

ಅವನು ಉದ್ದನೆಯ ಮುಖ ಬರೆದ. ಅಷ್ಟು ಉದ್ದವಲ್ಲ ಎಂದಳು. ತಿದ್ದಿದ. ಹುಬ್ಬು? ದಪ್ಪ. ಬರೆದ. ಇಷ್ಟು ದಪ್ಪವಲ್ಲ. ಮೂಗು ಬರೆದ. ಅದು ಸರಿಯೆನ್ನಿಸಿತು, ಆಮೇಲೆ ಅನ್ನಿಸಲಿಲ್ಲ. ತುಟಿಯ ತಗ್ಗು ಯಾವ ಕಡೆಗೆ ಎಂದು ಅವನು ಕೇಳಿದ.

ಎಡಕ್ಕೆ, ಎನ್ನಹೊರಟಳು. ಆದರೆ ಅದು ಚಿತ್ರದಲ್ಲಿ ಇದ್ದ ಎಡ. ನೋಡುವವಳ ಎಡವೋ ಅವನ ಎಡವೋ? ಕಲ್ಲಿನ ಮೇಲೆ ಬಿದ್ದು ಅಳುತ್ತಿದ್ದ ಮಗುವನ್ನು ಎತ್ತಿಕೊಂಡಾಗ ರಕ್ತ ಯಾವ ಕಡೆಯಿತ್ತು? ಅವಳು ಕಣ್ಣು ಮುಚ್ಚಿ ಆ ಮಗುವನ್ನು ಹುಡುಕಿದಳು. ಸಿಕ್ಕಿದ್ದು ರಥದ ಮೇಲೆ ಲಗಾಮು ಹಿಡಿದು ನಿಂತವನು. ಸೆಣಬು ಎಳೆಯುತ್ತಿದ್ದವನನ್ನು ಹುಡುಕಿದಳು. ಅವನೂ ತಲೆಗೆ ಲಾರೆಲ್ ಎಲೆಯ ಕಿರೀಟವಿಟ್ಟುಕೊಂಡು ತಿರುಗಿದ. ಚಮಚ ಎತ್ತಲಾರದೆ ನಕ್ಕವನೂ ಅಷ್ಟೆ. ಇಪ್ಪತ್ತಾರು ವರ್ಷ ಅವಳು ನೆನೆಸಿಕೊಂಡಿದ್ದು ಮಗನನ್ನಲ್ಲ, ಚಿತ್ರವನ್ನು. ಒಳಗಿದ್ದುದು ಯಾವಾಗಲೋ ಮಾಸಿಹೋಗಿತ್ತು. ಗೋಡೆಯ ಮೇಲಿದೆಯಲ್ಲ ಎಂಬ ಧೈರ್ಯದಲ್ಲಿ ಅವಳು ಒಳಗೆ ನೋಡಿರಲೇ ಇಲ್ಲ.

"ಗೊತ್ತಾಗ್ತಿಲ್ಲಪ್ಪ," ಎಂದಳು.

ಸೆರಾಫಿನೊ ಸೀಮೆಸುಣ್ಣ ಕೆಳಗಿಟ್ಟ. "ಸ್ವಲ್ಪ ಹೊತ್ತು ಕೂತ್ಕೊಳ್ಳಿ. ನಂಗೇನೂ ಅವಸರ ಇಲ್ಲ." ಅವಸರವಿತ್ತು, ಮದುವೆಗೆ ಒಂಬತ್ತೇ ದಿನ. ಆದರೂ ಅವನು ಬೆಳಕು ಇಳಿಯುವವರೆಗೆ ಕುಂಚಗಳನ್ನು ಒಂದೊಂದಾಗಿ ಒರೆಸುತ್ತ ಅವಳ ಜೊತೆ ಕುಳಿತಿದ್ದ. ಏನೂ ನೆನಪಾಗಲಿಲ್ಲ. ಹೊರಡುವಾಗ ಆ ಹಾಳೆಯನ್ನು ಅವಳು ಒಯ್ಯಲಿಲ್ಲ. ಅದರಲ್ಲಿದ್ದವನು ಒಳ್ಳೆಯ ಹುಡುಗನಂತಿದ್ದ, ಆದರೆ ಯಾರೋ.

ಮದುವೆಯ ದಿನ ಬೆಳಿಗ್ಗೆ ಮೇಜುಬಟ್ಟೆ ತಲುಪಿಸಿ ಹಿತ್ತಿಲ ಮೆಟ್ಟಿಲಿಳಿಯುವಾಗ ಮೊಗಸಾಲೆಯ ಬಾಗಿಲು ತೆರೆದಿತ್ತು. ಅವಳು ನೋಡಬಾರದೆಂದುಕೊಂಡೇ ನೋಡಿದಳು. ನೀಲಿ ಆಕಾಶದಲ್ಲಿ ಕುದುರೆಗಳು ಹಾರುತ್ತಿದ್ದವು. ರಥದ ಮೇಲೆ ಚಿಕ್ಕ ದಣಿ, ತೆಳುಮೀಸೆ, ಸಣ್ಣ ಗದ್ದ, ಚೆನ್ನಾಗಿಯೇ ಬಂದಿತ್ತು. ಅದರ ಕೆಳಗೆ ಸೆಣಬಿನ ಹಗ್ಗ ಎಳೆದೆಳೆದು ಉಬ್ಬಿದ ಹೆಗಲು. ಆ ಹೆಗಲೂ ಅವಳಿಗೆ ಈಗ ಪರಿಚಯದ್ದೆನ್ನಿಸಲಿಲ್ಲ.

ಕಾಲುವೆಯ ದಂಡೆಯಲ್ಲಿ ಅಂದು ಯಾರೂ ಇರಲಿಲ್ಲ. ಊರೆಲ್ಲ ಮೆರವಣಿಗೆ ನೋಡಲು ಹೋಗಿತ್ತು. ಹೋಗುವ ಮೊದಲು ಬೆತ್ತಾ ತನ್ನ ಪಾಲಿನ ಜೊತೆಗೆ ಓರ್ಸೊಲಾಳ ಬುಟ್ಟಿಯ ಬಟ್ಟೆಯನ್ನೂ ಒಗೆದು ಹರವಿ ಹೋಗಿದ್ದಳು. ಎರಡು ವಾರದಿಂದ ಬೆತ್ತಾಳ ಬಾಯಲ್ಲಿ ಒಂದು ತಮಾಷೆಯೂ ಬಂದಿರಲಿಲ್ಲ. ಮಾಡಲು ಕೆಲಸವಿಲ್ಲದೆ ಓರ್ಸೊಲಾ ಕಲ್ಲಿನ ಮೇಲೆ ಕುಳಿತಳು. ನೀರು ಹೋಗುತ್ತಿತ್ತು.

ಯಾರೋ ಬಂದು ಸ್ವಲ್ಪ ದೂರ ಬಿಟ್ಟು ಕುಳಿತರು. ಗಾಸ್ಪಾರೊ. ದೊಡ್ಡಮನೆಯ ಕರಿಯ ಕೋಟಿಲ್ಲದೆ ಅವನು ಸಣ್ಣಗೆ ಕಾಣುತ್ತಿದ್ದ. ಒಂದು ಗಂಟು, ಒಂದು ಕೋಲು. ಕಂಕುಳಲ್ಲಿ ಬಟ್ಟೆ ಮುಚ್ಚಿದ ಏನೋ ಒಂದು.

"ಬುದ್ರಿಯೊ ಹಳ್ಳೀಲಿ ನನ್ನ ತಂಗಿ ಇದಾಳೆ," ಎಂದ. "ಅವಳ ಗಂಡನಿಗೆ ನನ್ನ ಕಂಡ್ರೆ ಆಗಲ್ಲ. ಆದ್ರೂ ಮನೆ ದೊಡ್ಡದು."

"ನಾನು ಹೋಗಿದ್ದೆ ಅಣ್ಣ. ಹೇಳೋಕೆ. ಬಾಗಿಲು ಹಾಕ್ಬಿಟ್ರು."

"ಸೆರಾಫಿನೊ ಹೇಳ್ದ."

"ನಿಮ್ಮ ಜೀವನ ನಾನು..." ಎಂದಳು. ಮಾತು ಮುಗಿಸಿದ್ದರೂ ಅದರಿಂದ ಏನೂ ಆಗುವಂತಿರಲಿಲ್ಲ. ಅವನ ಕೆಲಸ ಬರುವಂತಿರಲಿಲ್ಲ, ಅವಳ ಮಗ ಬರುವಂತಿರಲಿಲ್ಲ.

ಗಾಸ್ಪಾರೊ ಅವಳ ಕೈಗಳನ್ನು ನೋಡಿದ. ಅವು ಮಡಿಲಲ್ಲಿ ಖಾಲಿ ಬಿದ್ದಿದ್ದವು. ಕಂಕುಳಲ್ಲಿದ್ದುದನ್ನು ತೆಗೆದು ಬಟ್ಟೆ ಬಿಚ್ಚಿದ. ಮಣ್ಣಿನ ಬಟ್ಟಲಲ್ಲಿ ಹುರುಳಿಕಾಯಿ ಬೀಜದ ಗಟ್ಟಿ ಸಾರು, ಮೇಲೊಂದು ತುಂಡು ರೊಟ್ಟಿ. ದಾರಿಗೆಂದು ತಂದುಕೊಂಡದ್ದಿರಬೇಕು, ಇನ್ನೂ ಬಿಸಿಯಿತ್ತು. ಚಮಚವನ್ನು ತನ್ನ ಅಂಗಿಯ ತುದಿಗೆ ಒರೆಸಿ, ಅದರ ಹಿಡಿ ಅವಳ ಕಡೆಗೆ ಬರುವ ಹಾಗೆ ಬಟ್ಟಲಲ್ಲಿಟ್ಟು, ಬಟ್ಟಲನ್ನು ಅವಳ ಎರಡೂ ಕೈಗೆ ಕೊಟ್ಟ.